ಬೀರು ಓವನ್ನಿಗೆ ಬೂದಿಯ ಹೊದಿಕೆ

ಬಂಧುಗಳೇ, ಇವತ್ತು ಬೆಳಿಗ್ಗೆ ಬೆಸಗರಹಳ್ಳಿಯ ನನ್ನ ಮೋಟಾರ್ ರಿಪೇರಿ ಅಂಗಡಿಯಿಂದ ಹೊಗೆ ಬಂದದ್ದು ನಿಜ. ಯಾರಿಗೂ ಏನೂ ಆಗಿಲ್ಲ, ಗಾಬರಿಯಾಗಿ ಫೋನ್ ಮಾಡಬೇಡಿ.

ಪಂಪ್‌ಸೆಟ್ಟಿನ ಮೋಟಾರಿಗೆ ಹೊಸ ತಂತಿ ಸುತ್ತಿ ವಾರ್ನಿಷ್ ಹಾಕಿದ ಮೇಲೆ ಅದನ್ನು ಬಿಸಿಯಲ್ಲಿ ಒಣಗಿಸಬೇಕು. ಮೂರು ದಿನದಿಂದ ಮೋಡ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಅದಕ್ಕೇ ಹಳೇ ಬೀರುವಿನೊಳಗೆ ಹೀಟರ್ ಕೂರಿಸಿ ಓವನ್ ಮಾಡಿದ್ದೆ. ಬಿಸಿ ಹೊರಗೆ ಹೋಗದಿರಲೆಂದು ಬೀರುವಿನ ಒಳಗೆ ಇನ್ನೊಂದು ತಗಡು ಹೊಡೆದು, ಎರಡು ತಗಡಿನ ನಡುವೆ ತೆಂಗಿನ ನಾರು ತುರುಕಿದ್ದೆ. ನಮ್ಮೂರಲ್ಲಿ ಪುಕ್ಕಟೆ ಸಿಗುವುದು ಅದೇ ತಾನೆ! ಅರ್ಧ ಗಂಟೆಗೆ ನಾರು ಕಮರಿತು.

ಮೋಟಾರಿನ ಯಜಮಾನ, ಹೊಳಲಿನ ನಿಂಗಣ್ಣ ಬಾಗಿಲಲ್ಲೇ ಕೂತಿದ್ದ. "ಲೇ, ಒಣಗ್ಸು ಅಂದ್ರೆ ಸುಡ್ತಾ ಇದ್ದೀಯಲ್ಲಾ! ಸಂಜೆಗೆ ಮೋಟ್ರು ಕೊಡ್ದಿದ್ರೆ ನನ್ ಪೈರು ಒಣಗೋಯ್ತದೆ ಕಣ್ಲಾ!"

ನನ್ನ ಹೆಂಡತಿ ಜಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. "ಅಕ್ಕಿ ಮಿಲ್ಲಿನ ಬತ್ತದ ಒಟ್ಟಿನ ಬೂದಿ ತುಂಬಿ ಅಂತ ಓದ್ ವಾರನೇ ಏಳ್ಲಿಲ್ವಾ? ಒಂದ್ಸಾರಿ ಉರ್ದು ಮುಗ್ದಿರೋದು ಇನ್ನೇನ್ ಉರ್ದಾತು?"

ನಿಂಗಣ್ಣನೇ ಬೈಕಿನಲ್ಲಿ ಹೋಗಿ ಎರಡು ಮೂಟೆ ಬೂದಿ ತಂದ. ನಾರು ಕಿತ್ತು ಬೂದಿ ತುಂಬಿ ಮತ್ತೆ ಹೀಟರ್ ಹಾಕಿದೆವು. ಸಂಜೆಗೆ ವಾರ್ನಿಷ್ ಗಾಜಿನಂತೆ ಗಟ್ಟಿಯಾಗಿತ್ತು. ನಿಂಗಣ್ಣ ಮೋಟಾರ್ ಕಟ್ಟಿಕೊಂಡು ನಗುತ್ತಾ ಹೊರಟ.

ಜಯಮ್ಮ ಮಾತ್ರ ಸಿಡಿಮಿಡಿ. ಬೆಚ್ಚಗಿರುತ್ತದೆಂದು ಓವನ್ನಿನ ಮೇಲೆ ಇಡ್ಲಿ ಹಿಟ್ಟು ಇಟ್ಟಿದ್ದಳಂತೆ. "ಇಷ್ಟೊತ್ತಾದ್ರೂ ಒಂಚೂರೂ ಉಬ್ಬಿಲ್ಲ! ಇದ್ಯಾವ ಸೀಮೆ ಒಲೆ ಮಾಡಿದ್ದೀರಿ?"

ಬಿಸಿ ಹೊರಗೆ ಬರುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕೇ? ನಾಳೆ ನಮ್ಮನೆ ತಿಂಡಿ ಉಪ್ಪಿಟ್ಟು.