ಕೌಸಲ್ಯಮ್ಮನ ಬಾಲ್ದಿ

ಇಂಗ್ಲೆಂಡಿನ ಸೊಲಿಹಲ್‌ನಲ್ಲಿದ್ದ ರಂಗನಾಥರ ಮನೆಗೆ ಹೋದವರು ಕುರ್ಚಿಯ ಮೇಲೆ ಕೂರುವ ಮೊದಲೇ ಆ ಕುರ್ಚಿ ಅರಬ್ಬರ ನಾಡಿನಿಂದ ಬಂದ ಕಥೆ ಕೇಳಬೇಕಿತ್ತು. ಕುರ್ಚಿಯಲ್ಲ, ಅದರ ಹೆಸರು ಬಂದ ಕಥೆ. ಮೈಸೂರಿನ ಈ ಮನುಷ್ಯ ಮೂವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದ ಮೇಲೆ ಮನೆಸಾಮಾನಿನ ಹೆಸರುಗಳ ಬೆನ್ನು ಹತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಕೊಡೆ ತೋರಿಸಿ, ನಿಮ್ಮ ಭಾಷೆಯಲ್ಲಿ ಇದಕ್ಕೇನನ್ನುತ್ತೀರಿ ಎಂದು ಕೇಳುವುದೇ ಕೆಲಸ.

"ನನ್ನ ಹೆಸರೆಲ್ಲಿಂದ ಬಂತು ಅಂತ ಮಾತ್ರ ಒಂದಿನಾನೂ ಕೇಳ್ಲಿಲ್ಲ" ಎಂದು ಹೆಂಡತಿ ವಸುಂಧರಾ ಗೊಣಗುತ್ತಿದ್ದರು. ಕನ್ನಡದ ವಿಷಯ ಬಂದರಂತೂ ರಂಗನಾಥರು ಹಿಡಿದ ಮೊಲಕ್ಕೆ ಮೂರೇ ಕಾಲು.

2004ರ ಮಾರ್ಚ್‌ನಲ್ಲಿ ಅದೇ ಊರಿನಲ್ಲಿದ್ದ ಮಂಗಳೂರು ಕಡೆಯ ಭೋಜ ರಂಗನಾಥರಿಗೆ ಫೋನ್ ಮಾಡಿದ. ಅವನ ತಾಯಿ ಕೌಸಲ್ಯಮ್ಮನಿಗೆ ಪಾರ್ಶ್ವವಾಯು ಬಡಿದು ಮೂರು ವಾರವಾಗಿತ್ತು. ಕೈಕಾಲು ಚೇತರಿಸಿಕೊಂಡಿದ್ದವು, ಮಾತು, ತಿಳಿವಳಿಕೆ ಎಷ್ಟು ಉಳಿದಿವೆಯೆಂದು ಆಸ್ಪತ್ರೆಯವರು ನೋಡಬೇಕಿತ್ತು. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವಾದ್ದರಿಂದ, ಪರೀಕ್ಷೆಯಲ್ಲಿ ಗೆದ್ದರೆ ಮಗನ ಮನೆ, ಸೋತರೆ ವಯಸ್ಸಾದವರನ್ನು ಇಟ್ಟು ನೋಡಿಕೊಳ್ಳುವ ನರ್ಸಿಂಗ್ ಹೋಮ್. ಭೋಜನಿಗೆ ಅಂದು ರಜೆ ಸಿಕ್ಕಿರಲಿಲ್ಲ. ದುಭಾಷಿಯೂ ಕೈಕೊಟ್ಟಿದ್ದ. ಕನ್ನಡ ಬಲ್ಲವರೆಂದು ಇವರನ್ನು ಕರೆದ.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸಕಿ ಒಂದೊಂದೇ ಚಿತ್ರ ತೋರಿಸಿ ಹೆಸರು ಕೇಳಿದಳು. ಕುರ್ಚಿಗೆ ಕೌಸಲ್ಯಮ್ಮ ಕುರ್ಚಿ ಎಂದರು. ಬಕೆಟ್ಟಿನ ಚಿತ್ರ ಬಂತು.

"ಬಾಲ್ದಿ."

ರಂಗನಾಥರು ತಲೆ ಅಲ್ಲಾಡಿಸಿದರು. ಹಿಂದಿಯ ಬಾಲ್ಟಿಯನ್ನು ತೊದಲುತ್ತಿದ್ದಾರೆ, ಕನ್ನಡದಲ್ಲಿ ಅಂಥ ಪದವಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಟವೆಲ್ಲಿಗೆ ಆಕೆ "ಬೈರಾಸು" ಎಂದರು. ಮತ್ತೆ ತಲೆ ಅಲ್ಲಾಡಿತು. ಪೊರಕೆಯ ಚಿತ್ರಕ್ಕೆ "ಹಿಡಿ..." ಎಂದು ಶುರುಮಾಡಿದವರು ರಂಗನಾಥರ ಮುಖ ನೋಡಿ ನಿಲ್ಲಿಸಿದರು. ಆಮೇಲಿನ ಹತ್ತು ಚಿತ್ರಗಳಿಗೆ ಬಾಯಿಯನ್ನೇ ತೆರೆಯಲಿಲ್ಲ.

ಬಸ್ಸಿನಲ್ಲಿ ಕಂಡಕಂಡವರನ್ನೆಲ್ಲ ಕೇಳುವ ಮಹಾನುಭಾವರು ಎದುರಿಗಿದ್ದ ಮುದುಕಿಯನ್ನು ಒಂದು ಮಾತು ಕೇಳಲಿಲ್ಲ. ಕನ್ನಡ ತನಗೆ ಬರುತ್ತದೆ ಎಂಬ ಜಂಬ, ಮತ್ತೇನು!

ಹೊರಗೆ ಬಂದಾಗ ಕಾರಿಡಾರಿನಲ್ಲಿ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು. ಪಕ್ಕದಲ್ಲಿ ಹಳದಿ ಬಕೆಟ್. ಹುಟ್ಟುಗುಣ ಸುಟ್ಟರೂ ಹೋಗದು. ರಂಗನಾಥರು ಕೇಳಿಯೇ ಬಿಟ್ಟರು. ಅವಳು ಪೋರ್ಚುಗಲ್‌ನವಳು. ನಗುತ್ತಾ ಹೇಳಿದಳು: "ಬಾಲ್ದ್."

ರಂಗನಾಥರ ಮೈ ಜುಮ್ಮೆಂದಿತು. ಪೋರ್ಚುಗೀಸರು ಹಡಗಿನಲ್ಲಿ ಬಂದಿಳಿದದ್ದು ಮಂಗಳೂರಿನ ಆ ಕಡಲತೀರಕ್ಕೇ ಅಲ್ಲವೇ? ಹಿಂದಿಯವರ ಬಾಲ್ಟಿಗಿಂತ ಮುದುಕಿಯ ಬಾಲ್ದಿಯೇ ಮೂಲಕ್ಕೆ ಹತ್ತಿರ! ಖುಷಿಯಿಂದ ಎರಡು ಹೆಜ್ಜೆ ಇಟ್ಟವರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಭೋಜನಿಗೆ ಫೋನ್ ಹಚ್ಚಿದರು.

"ಟವೆಲ್ಲಿಗೆ ನಿಮ್ಮ ಕಡೆ ಏನಂತೀರಪ್ಪಾ?"

"ಬೈರಾಸು. ಎಂತಕ್ಕೆ ಸರ್?"

"ಪೊರಕೆಗೆ?"

"ಹಿಡಿಸೂಡಿ."

ರಂಗನಾಥರು ಒಳಗೆ ಓಡಿದರು. ಚಿಕಿತ್ಸಕಿ ಫೈಲು ಮುಚ್ಚಿಟ್ಟಿದ್ದಳು. ತಪ್ಪು ಅವರದಲ್ಲ, ನನ್ನದು, ಅವರ ಊರಿನ ಮಾತು ನನಗೇ ಗೊತ್ತಿಲ್ಲ ಎಂದು ಅವಳೆದುರು ನಾಚಿಕೆ ಬಿಟ್ಟು ಒಪ್ಪಿಕೊಂಡರು. ಭೋಜನನ್ನು ಫೋನಿನಲ್ಲಿ ಇಟ್ಟುಕೊಂಡು ಮೊದಲಿನಿಂದ ಪರೀಕ್ಷೆ ಮಾಡಲು ಅವಳು ಒಪ್ಪಿದಳು.

"ತಪ್ಪಾಯ್ತಮ್ಮಾ" ಎಂದರು ರಂಗನಾಥರು. "ನೀವು ಹೇಳಿದ್ದೆಲ್ಲಾ ಸರೀನೇ ಇತ್ತು."

ಕೌಸಲ್ಯಮ್ಮ ಅವರತ್ತ ತಿರುಗಿದರು. "ಹೌದಾ? ನೀವು ತಲೆ ಅಲ್ಲಾಡಿಸಿದ್ದು ಕಂಡು, ನಂಗೆ ಮರುಳು ಹಿಡಿದದ್ದು ಅಂತಲೇ ಎಣಿಸಿದೆ ಮಾರಾಯ್ರೆ."

ಈ ಸಲ ಅವರು ಒಂದು ಹೆಸರನ್ನೂ ತಪ್ಪು ಹೇಳಲಿಲ್ಲ. ಮಗನ ಮನೆಗೆ ಹೋಗುವುದು ಅಂದೇ ಗಟ್ಟಿಯಾಯಿತು. ಆದರೆ ಪ್ರತಿ ಚಿತ್ರಕ್ಕೂ, ಬಾಯಿ ತೆರೆಯುವ ಮುನ್ನ, ಒಮ್ಮೆ ರಂಗನಾಥರ ಮುಖ ನೋಡುತ್ತಿದ್ದರು.