ಅತ್ತಿಗುಂಡಿಯ ಕ್ರಿಸ್ಮಸ್ ಮರ

ನಮ್ಮ ಕ್ರಿಸ್ಮಸ್ ಮರದ ಒಳಗಿನಿಂದ ಸದ್ದು ಬರುತ್ತಿತ್ತು. ಕರ್... ಕರ್... ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕರ್... ನಡುಮಧ್ಯಾಹ್ನ. ಮನೆಯಲ್ಲಿ ನಾನೊಬ್ಬಳೇ ಹಬ್ಬದ ತಿಂಡಿ ನೆವ್ರಿ ಕರಿಯುತ್ತಿದ್ದೆ. ಗ್ಯಾಸ್ ಆರಿಸಿ ಕಾಂಡಕ್ಕೆ ಕಿವಿಯಿಟ್ಟೆ. ನಿಜಕ್ಕೂ ಒಳಗೆ ಯಾರೋ ಹಲ್ಲು ಮಸೆಯುತ್ತಿದ್ದರು. ಹೆದರಿ ದಾರಿಗೆ ಓಡಿದೆ.

ಊರಿನ ಗೇರುಬೀಜದ ಕಾರ್ಖಾನೆ ಮುಚ್ಚಿದ ಮೇಲೆ ನನ್ನ ಗಂಡ ರೋಶನ್ ಅತ್ತಿಗುಂಡಿಯ ಈ ಕಾಫಿ ಎಸ್ಟೇಟಿಗೆ ರೈಟರ್ ಆಗಿ ಬಂದಿದ್ದ. ಆಳುಗಳ ಹಾಜರಿ ಬರೆಯುವವನಿಗೆ ಇಲ್ಲಿ ರೈಟರ್ ಎನ್ನುತ್ತಾರೆ. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಎಂದಿದ್ದರು ಸಾಹುಕಾರರು. ಈ ಕೆಲಸ ಹೋದರೆ ನಮಗೆ ಮತ್ತೊಂದಿರಲಿಲ್ಲ.

ನಮ್ಮ ಕರಾವಳಿ ಕಡೆ ಗಾಳಿಮರದ ಗೆಲ್ಲು ಮುರಿದು ತಂದರೆ ಕ್ರಿಸ್ಮಸ್ ಮರವಾಯಿತು. ಇಲ್ಲಿ ಗಾಳಿಮರ ಎಲ್ಲಿಂದ ಬರಬೇಕು? ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿದೆ, ಮುಟ್ಟುವ ಹಾಗಿಲ್ಲ. ತೋಟದ ಮೂಲೆಯಲ್ಲಿ ಕಿತ್ತ ಕಾಫಿ ಗಿಡಗಳ ರಾಶಿ ಕಂಡಿತು. ಸುಡುವುದಕ್ಕೆ ಇಟ್ಟಿದ್ದು, ಯಾರಪ್ಪನ ಗಂಟೇನು ಹೋಗುತ್ತದೆ ಎಂದು ಒಂದನ್ನು ಎಳೆದು ತಂದು ಬಣ್ಣದ ಡಬ್ಬಿಯಲ್ಲಿ ನಿಲ್ಲಿಸಿದೆ. ಹತ್ತಿ ಅಂಟಿಸಿ ನಕ್ಷತ್ರ ಕಟ್ಟಿದೆ. ರೋಶನ್ ಕೂಡ ಭೇಷ್ ಎಂದ.

ಅಂದಿನಿಂದ ಹಣ್ಣು ಕುಯ್ದು ಮರಳುವ ಹೆಂಗಸರು ನಮ್ಮ ಕಿಟಕಿಯ ಹೊರಗೆ ನಿಲ್ಲತೊಡಗಿದರು. ಮಾತಿಲ್ಲ, ನಗುವಿಲ್ಲ. ಮರವನ್ನೇ ನೋಡಿ ಹೋಗುವರು. ಊರಲ್ಲಾದರೆ ತಿಂಡಿಯ ವಾಸನೆಗೇ ಅರ್ಧ ಕೇರಿ ಒಳಗಿರುತ್ತಿತ್ತು. ಇಲ್ಲಿ ಹೊಸಿಲು ದಾಟಿದವರಿಲ್ಲ. ನಮ್ಮ ಹಬ್ಬವೆಂದರೆ ಇವರಿಗೆ ಅಷ್ಟು ಹೇಸಿಗೆಯೇ ಎಂದು ಅತ್ತೂಬಿಟ್ಟೆ.

ಸದ್ದು ಕೇಳಿದ ಆ ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ಸಣ್ಣಮ್ಮ ದಾರಿಯಲ್ಲಿ ಸಿಕ್ಕರು. ಕೈಹಿಡಿದು ಒಳಗೆ ಎಳೆದುಕೊಂಡೇ ಬಂದೆ. ಅವರು ನನ್ನ ಬೆರಳನ್ನು ಮರದ ತೊಗಟೆಯ ಮೇಲೆ ಒತ್ತಿ ಸವರಿಸಿದರು. ಮುದುಕಿಯ ಕೈನರದಂತೆ ಉಬ್ಬಿದ ಗೆರೆ ಸಿಕ್ಕಿತು.

"ಬೋರರ್ ಹೊಡ್ದ ಗಿಡ ರೈಟ್ರಮ್ಮ. ಒಳಗೆ ಹುಳ ಕೊರೀತದೆ. ದುಂಬಿಯಾಗಿ ಹೊರಗೆ ಬಂದ್ರೆ ಒಳ್ಳೆ ಗಿಡಕ್ಕೆ ಮೊಟ್ಟೆ ಇಡ್ತದೆ."

"ಇಷ್ಟು ದಿನ ಹೇಳಬಾರದಿತ್ತಾ?"

"ನಿಮ್ಮ ದೇವ್ರು ಅನ್ಕೊಂಡ್ವಿ ಮಾರಾಯ್ರೆ. ಬೇರೆಯವ್ರ ದೇವ್ರನ್ನ ಸುಡಿ ಅಂತ ಹೆಂಗೆ ಹೇಳೋದು?"

ಹತ್ತಿ ಬಿಡಿಸುವಾಗ ಕಂಡಿತು: ನಕ್ಷತ್ರದ ಕೆಳಗೆ ಒಂದು ದುಂಡನೆಯ ತೂತು. ಒಳಗೆ ಏನೂ ಇರಲಿಲ್ಲ. ಎಣ್ಣೆಯ ಹೊಗೆ ಹೋಗಲೆಂದು ಕಿಟಕಿಯನ್ನು ನಾನೇ ತೆರೆದಿಟ್ಟಿದ್ದೆ. ಹೊರಗೆ ನಾಲ್ಕು ಹೆಜ್ಜೆಗೆ ತೋಟ. ಕೊರೆಯುವ ಸದ್ದು ಮಾತ್ರ ಕಾಂಡದ ಕೆಳಗಿನಿಂದ ಇನ್ನೂ ಬರುತ್ತಲೇ ಇತ್ತು.

"ಸುಮ್ನೆ ಸುಟ್ಬಿಡಿ, ಸಾಹುಕಾರ್ರಿಗೆ ಹೇಳ್ಬೇಡಿ" ಎಂದರು ಸಣ್ಣಮ್ಮ. ರೋಶನ್ ಬಂದವನು ಕೇಳಿ ಕಿಟಕಿ ಮುಚ್ಚಿದ. "ಹೇಳಿದರೆ ಕೆಲಸ ಹೋಯಿತು" ಎಂದ. ನನಗೂ ಗೊತ್ತಿತ್ತು. ಆದರೆ ಊಟ ಹಾಕುವ ತೋಟಕ್ಕೆ ವಿಷ ಬಿಟ್ಟು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ. ಬಂಗಲೆಗೆ ಹೋಗಿ ಎಲ್ಲ ಹೇಳಿದೆ.

ಸಾಹುಕಾರರು ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು. ಅಂಗಳದಲ್ಲಿ ಮರ ಉರಿಯುವಾಗ ತೋಟದತ್ತಲೇ ನೋಡುತ್ತಿದ್ದರು.

"ಒಂದು ಹಾರಿದೆ. ಎಲ್ಲಿ ಮೊಟ್ಟೆ ಇಟ್ಟಿದೆಯೋ, ಗೊತ್ತಾಗೋಕೆ ವರ್ಷ ಬೇಕಮ್ಮ. ಅಲ್ಲೀವರೆಗೂ ನೀವಿಬ್ರೂ ಎಲ್ಲೂ ಹೋಗೋ ಹಾಗಿಲ್ಲ. ದಿನಾ ಗಿಡ ನೋಡ್ಬೇಕು."

ಖಾಯಂ ಆದದ್ದು ಹೀಗೆ.

ಈಗ ಮತ್ತೆ ಡಿಸೆಂಬರ್. ಬೆಳಗಾದರೆ ಕಿಟಕಿಯ ಆಚೆಯ ಗಿಡಗಳನ್ನು ಒಂದೊಂದಾಗಿ ತಡವುತ್ತೇನೆ. ಸಣ್ಣಮ್ಮ ಜೊತೆಗಿರುತ್ತಾರೆ. ಮೊನ್ನೆ ಒಂದು ಗಿಡದ ಎಲೆ ಹಳದಿಯಾಗಿತ್ತು. ಇಬ್ಬರೂ ಬುಡದಲ್ಲಿ ಕುಳಿತು ಉಸಿರು ಬಿಗಿಹಿಡಿದು ಆಲಿಸಿದೆವು.

ಆಗಲೇ ಊರಿನಿಂದ ಅಮ್ಮನ ಫೋನ್. "ಹಬ್ಬಕ್ಕೆ ಯಾವಾಗ ಬರ್ತಿ?"

"ಈ ಸಲ ಆಗೂದಿಲ್ಲ ಅಮ್ಮ. ನಮ್ಮ ಗಿಡಕ್ಕೆ ಹುಷಾರಿಲ್ಲ."



"ನಿಮ್ಮದಾ?" ಎಂದರು ಅಮ್ಮ. "ಯಾವಾಗಿಂದ?"