ಗಂಜಲ ತಾನೇ ಎಂದು ಒಪ್ಪಿದ್ದು

ಮೊನ್ನೆ ತರೀಕೆರೆಯಲ್ಲಿ ನೆಂಟರ ಗೃಹಪ್ರವೇಶ. ಅಯ್ಯನವರು ಮಾವಿನೆಲೆಯಲ್ಲಿ ಗಂಜಲ ಚಿಮುಕಿಸುತ್ತ ಬಂದರು. ಎಲ್ಲರೂ ಕೈಮುಗಿದರು. ಆ ವಾಸನೆಗೆ ನನಗೆ ಸಿಟ್ಟು ಬಂತು. ಅಜ್ಜಂಪುರದ ಕಡೆಯ ನಮ್ಮೂರಿನ ಪಕ್ಕದ ಮನೆ ದೊಡ್ಡಮ್ಮ ನೆನಪಾದಳು...

ಅವಳ ಹಿತ್ತಲ ಬಾವಿಯದು ಇಡೀ ಬೀದಿಗೆ ಕುಡಿಯುವ ನೀರು. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಆಚೆ ಬೀದಿಯವರೂ ಬರುತ್ತಿದ್ದರು. ಯಾರಿಗೂ ಅವಳು ಬೇಡ ಎಂದವಳಲ್ಲ. ಹಿತ್ತಲಾಚೆ ಕೆರೆಯಂಚಿನ ಜೌಗು, ಆಳೆತ್ತರದ ಜೊಂಡು. ಅಲ್ಲಿ ಇಂಗಿದ ನೀರೇ ಬಾವಿಗೆ ಬರುತ್ತಿತ್ತು.

ಆಮೇಲೆ ಜೌಗಿನ ಮೇಲ್ಗಡೆ ಹಾಲಿನ ಫಾರಂ ಬಂತು, ನೂರಾರು ಸೀಮೆ ಹಸು. ಕೊಟ್ಟಿಗೆ ತೊಳೆದ ನೀರಿಗೆ ಹೊಂಡ ತೋಡಿ, ಇಂಗದಂತೆ ತಳಕ್ಕೆ ಶೀಟು ಹಾಸಬೇಕಿತ್ತು. ಮಾಲೀಕ ಅದನ್ನು ಬಿಟ್ಟು ಊರ ಕಟ್ಟೆಗೆ ಬಂದು ಕೈಮುಗಿದು ನಿಂತ. ತೊಳೆದ ನೀರನ್ನು ಜೌಗಿಗೆ ಬಿಡುತ್ತೇನೆ, ಗೋಮಾತೆಯ ಗಂಜಲ ತಾನೇ ಎಂದ. ಎಂಥ ಕಿಲಾಡಿ. ಸಗಣಿಯಲ್ಲಿ ನೆಲ ಸಾರಿಸಿ, ಗಂಜಲದಲ್ಲಿ ಮೈಲಿಗೆ ಕಳೆಯುವ ನಾವು ಅದನ್ನು ಹೊಲಸು ಎನ್ನುವುದಾದರೂ ಹೇಗೆ? ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು.

"ಬಿಡ್ಲಿ ಬಿಡ್ರೋ. ಗಂಜಲದಿಂದ ಯಾರಿಗ್ ಕೇಡಾಗೈತೆ?" ಎಂದಳು.

ಕೆಲವೇ ಮಳೆಗಾಲದಲ್ಲಿ ಜೊಂಡು ಕೊಳೆತು ಕಪ್ಪಾಯಿತು. ಬಾವಿ ನೀರು ನಾರತೊಡಗಿತು. ಬೀದಿಯ ಮಕ್ಕಳಿಗೆ ವಾಂತಿಭೇದಿ ಹತ್ತಿದ ಮೇಲೆ ಯಾರೋ ಬಂದು ನೀರು ಪರೀಕ್ಷಿಸಿ, ಬಾವಿಕಟ್ಟೆಗೆ ಕೆಂಪು ಬಣ್ಣದಲ್ಲಿ ಬರೆದು ಹೋದರು. ಓದು ಬಾರದ ದೊಡ್ಡಮ್ಮ ನನ್ನನ್ನು ಕರೆದಳು.

"ಏನ್ ಬರ್ದವ್ರೆ ಓದಪ್ಪಾ."

ಕುಡಿಯಲು ಯೋಗ್ಯವಲ್ಲ ಎಂದು ಓದಿದೆ. ಅವಳು ಹಗ್ಗ ಸುತ್ತಿ ಒಳಗಿಟ್ಟಳು. "ಮಕ್ಳಿಗೆ ನಾನೇ ವಿಷ ಇಕ್ಕಿದಂಗಾಯ್ತಲ್ಲೋ" ಎಂದಳು.

ನನಗೆ ಮೈ ಉರಿಯುವುದು ಇಲ್ಲೇ. ವಿಷ ಇಕ್ಕಿದವನು ಜೀಪಿನಲ್ಲಿ ಓಡಾಡಿಕೊಂಡಿದ್ದ, ಪಾಪ ಹೊತ್ತು ಸೊರಗಿದವಳು ಇವಳು. ಕಚೇರಿ ಕಚೇರಿ ಅಲೆದೆವು. "ನೀವೇ ಒಪ್ಪಿದ್ರಂತಲ್ರೀ" ಎಂದು ನಕ್ಕು ಕಳಿಸಿದರು. ನಮ್ಮ ಭಕ್ತಿಯಿಂದಲೇ ನಮ್ಮ ಬಾಯಿ ಮುಚ್ಚಿಸಿದರು.

ಕೊನೆಗಾಲದಲ್ಲಿ ಎಲ್ಲರೂ ಬಾಯಿಗೆ ನೀರು ಬಿಡಲು ಸೇರಿದಾಗ ದೊಡ್ಡಮ್ಮ ತುಟಿ ಬಿಗಿದಳು. ತನ್ನ ಬಾವಿ ನೀರೇ ಬೇಕೆಂದಳು. ಅದನ್ನು ಹೇಗೆ ಬಿಡುವುದು... ಅಂಗಡಿಯ ಕ್ಯಾನಿನಿಂದ ಒಂದು ಚಮಚ ಬಗ್ಗಿಸಿ, ನಿಮ್ಮ ಬಾವಿಯದೇ ಎಂದೆ. ಗುಟುಕರಿಸಿದಳು. ಮುಖ ಅರಳಿತು.

"ಸಿಹಿಯಾಗೈತಲ್ಲೋ. ಎಲ್ರಿಗೂ ಹೇಳು, ನೀರಿಗ್ ಬರ್ಲಿ."

ಅವಳು ಹೋದಳು. ಇವತ್ತು ಬೆಳಿಗ್ಗೆಯೂ ಫಾರಂನ ಕೊಳಕು ನೀರಿನ ಪೈಪು ಜೌಗಿಗೆ ಸುರಿಯುತ್ತಿತ್ತು. ದೊಡ್ಡಮ್ಮ ಕೊನೆಗೆ ನನಗೆ ವಹಿಸಿದ್ದು ಒಂದೇ ಕೆಲಸ, ನೀರಿಗೆ ಬನ್ನಿ ಎಂದು ಹೇಳುವುದು. ಯಾರಿಗೂ ಹೇಳಲಾಗಿಲ್ಲ.